ದ್ವಾರಕೆಯ ದ್ವಾರ, ನಮ್ಮ ಬಾಗಿಲು: ತೌಲನಿಕ ಭಾಷಾಶಾಸ್ತ್ರದ ಪರ್ಯಾಲೋಚನೆ

ದೆಹಲಿಯ ನೈಋತ್ಯ ಅಂಚಿನಲ್ಲಿ ಪಾಲಂ, ಕಾಕರೋಲಾ, ಪೋಚನ್‌ಪುರ ಮೊದಲಾದ ಹಳೆಯ ಗ್ರಾಮಗಳ ನಡುವೆ ಎದ್ದುನಿಂತು, ಮೊದಲು ಪಪ್ಪನ್‌ಕಲಾಂ ಎಂಬ ಹೆಸರಿನಿಂದ ಕರೆಯಲ್ಪಟ್ಟು, ಅನಂತರ ಶ್ರೀಕೃಷ್ಣನ ರಾಜಧಾನಿಯ ಹೆಸರನ್ನು ಧರಿಸಿದ ದ್ವಾರಕಾ ಎಂಬ ಉಪನಗರಕ್ಕೆ 2005ರ ಡಿಸೆಂಬರಿನ ಕೊನೆಯಲ್ಲಿ ಮೆಟ್ರೋ ರೈಲು ಬಂದಿತು. ಆ ರೈಲು ನಿಲ್ದಾಣವನ್ನು ಸಮೀಪಿಸಿದಾಗ ಒಳಗೆ ಕೇಳಿಬರುವ ಘೋಷಣೆಯು ಮುಂದಿನ ನಿಲ್ದಾಣ ದ್ವಾರಕಾ ಎಂದೂ ದರವಾಜೆಗಳು ಇಂಥ ಬದಿಗೆ ತೆರೆಯುವುವೆಂದೂ ಹಿಂದಿಯಲ್ಲಿ ಸಾರಿ, ಒಡನೆಯೇ ಅದನ್ನೇ ಇಂಗ್ಲಿಷಿನ ಡೋರ್ ಎಂಬ ಶಬ್ದದಿಂದ ತಿಳಿಸುತ್ತದೆ. ಸಂಸ್ಕೃತದ ದ್ವಾರ, ದರವಾಜೆಯಲ್ಲಿರುವ ಪಾರಸಿಯ ದರ್, ಇಂಗ್ಲಿಷಿನ ಡೋರ್, ಈ ಮೂರೂ ಏಕಮೂಲದ ಸಂತಾನವೆಂಬ ಸಂಗತಿಯನ್ನು ಬಲ್ಲವರಲ್ಲಿಯೂ ಅನೇಕರು ಅದನ್ನು ಕೇವಲ ನಾದಸಾಮ್ಯದ ಮೇಲೆ ನಂಬಿರುತ್ತಾರೆ. ಆ ನಂಬಿಕೆಗೆ ತೌಲನಿಕ ಭಾಷಾಶಾಸ್ತ್ರವು ಒದಗಿಸುವ ಆಧಾರವೇನು, ಅದರ ಬಲವೆಷ್ಟು, ದೋಷವೆಲ್ಲಿ, ದ್ರಾವಿಡ ಭಾಷೆಯೊಂದನ್ನಾಡುವ ನಮಗೆ ಅದರಿಂದ ಆಗಬೇಕಾದ ಪ್ರಯೋಜನವೇನು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

1786ರ ಫೆಬ್ರುವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಬಹುಶಃ ಈಗ ಉಳಿದಿರದ ಯಾವುದೋ ಒಂದು ಮೂಲದಿಂದ ಹೊರಟಿರಬೇಕೆಂದು ನುಡಿದುದನ್ನು ಈ ಪ್ರಸ್ಥಾನದ ನಾಂದಿಯೆಂದು ಎಣಿಸುವುದು ವಾಡಿಕೆ. ಆದರೆ ಜೋನ್ಸನದು ಪ್ರತಿಭೆಯ ಮಿಂಚು. ಅದನ್ನು ಶಾಸ್ತ್ರವಾಗಿ ಮಾಡಿದವರು, 1816ರಲ್ಲಿ ಕ್ರಿಯಾಪದಗಳ ರೂಪಗಳನ್ನು ತುಲನೆ ಮಾಡಿದ ಫ್ರಾಂಜ್ ಬಾಪ್, 1822ರಲ್ಲಿ ಜರ್ಮಾನಿಕ್ ವ್ಯಂಜನಗಳ ಪಲ್ಲಟವನ್ನು ನಿಯಮಬದ್ಧವಾಗಿ ನಿರೂಪಿಸಿದ ಯಾಕೋಬ್ ಗ್ರಿಮ್, ಮತ್ತು ಧ್ವನಿನಿಯಮಗಳಿಗೆ ಅಪವಾದವಿಲ್ಲವೆಂದು 1870ರ ದಶಕದಲ್ಲಿ ಪಟ್ಟುಹಿಡಿದ ಲೈಪ್‌ಜಿಗ್ಗಿನ ತರುಣ ವಿದ್ವಾಂಸರು. ಈ ಪಟ್ಟು ಎಂತಹ ಫಲವನ್ನು ಕೊಡಬಲ್ಲುದೆಂಬುದಕ್ಕೆ ಒಂದೇ ನಿದರ್ಶನ ಸಾಕು. 1879ರಲ್ಲಿ ಇನ್ನೂ ವಿದ್ಯಾರ್ಥಿದಶೆಯಲ್ಲಿದ್ದ ಸಸ್ಯೂರ್ ಎಂಬುವನು, ಆಗ ತಿಳಿದಿದ್ದ ಯಾವ ಭಾಷೆಯಲ್ಲಿಯೂ ನೇರವಾಗಿ ಉಳಿದಿಲ್ಲದ ಕೆಲವು ಧ್ವನಿಗಳು ಮೂಲಭಾಷೆಯಲ್ಲಿ ಇದ್ದಿರಲೇಬೇಕೆಂದು ಸ್ವರವ್ಯವಸ್ಥೆಯ ತರ್ಕವೊಂದರಿಂದಲೇ ಊಹಿಸಿದನು. ಹಿಟ್ಟೈಟ್ ಭಾಷೆಯ ಮಣ್ಣಿನ ಫಲಕಗಳನ್ನು ಓದುವುದು ಸಾಧ್ಯವಾದ ಮೇಲೆ, 1927ರಲ್ಲಿ ಕುರಿಲೋವಿಚ್ ಎಂಬ ಪೋಲಿಷ್ ಪಂಡಿತನು ಆ ಧ್ವನಿಗಳ ಕುರುಹು ಸಸ್ಯೂರನು ಹೇಳಿದ ಎಡೆಗಳಲ್ಲಿಯೇ ಇರುವುದನ್ನು ತೋರಿಸಿದನು.

ಇನ್ನು ದ್ವಾರ ಶಬ್ದವನ್ನೇ ಪರೀಕ್ಷಿಸಿ ನೋಡೋಣ. ದ್ವಾರ, ಡೋರ್ ಎರಡರಲ್ಲಿಯೂ ಆದಿಯಲ್ಲಿ ದಕಾರದಂಥ ಧ್ವನಿಯೇ ಕೇಳಿಬರುವುದರಿಂದ ಜ್ಞಾತಿತ್ವವು ಸ್ವತಃಸಿದ್ಧವೆಂದು ತೋರಬಹುದು. ಶಾಸ್ತ್ರದೃಷ್ಟಿಗೆ ತೊಡಕು ಇರುವುದು ಈ ಸಾಮ್ಯದಲ್ಲಿಯೇ. ಸಂಸ್ಕೃತದ ದಕಾರಕ್ಕೆ ಇಂಗ್ಲಿಷಿನಲ್ಲಿ ಸಮನಾಗಿ ನಿಲ್ಲತಕ್ಕದ್ದು ಟಕಾರ: ದ್ವಿ ಎಂಬುದಕ್ಕೆ ಟೂ, ದಶಕ್ಕೆ ಟೆನ್, ದಂತಕ್ಕೆ ಟೂತ್. ಇಂಗ್ಲಿಷಿನ ಡಕಾರಕ್ಕೆ ಸಂಸ್ಕೃತದಲ್ಲಿ ಮಹಾಪ್ರಾಣವಿರಬೇಕು. ಧಾ ಧಾತುವಿಗೆ ಡೂ ಸಂವಾದಿಯಾಗಿರುವಂತೆ. ಗ್ರೀಕಿನ ಥುರಾ, ಲ್ಯಾಟಿನ್ನಿನ ಫೋರೆಸ್ ಎಂಬ ರೂಪಗಳೂ ಮೂಲದಲ್ಲಿ ಧಕಾರವಿತ್ತೆಂದೇ ಸಾಕ್ಷಿ ನುಡಿಯುತ್ತವೆ. ಆದುದರಿಂದ ವಿದ್ವಾಂಸರು ಮೂಲಧಾತುವನ್ನು ಧ್ವೆರ್ ಎಂದು ಊಹಿಸಿ, ಕದಕ್ಕೆ ಎರಡು ಪಡಿಗಳಿದ್ದ ಕಾರಣ ದ್ವ ಶಬ್ದದ ಸಂಸರ್ಗದಿಂದ ಸಂಸ್ಕೃತದಲ್ಲಿ ಮಹಾಪ್ರಾಣವು ಲೋಪವಾಯಿತೆಂದು ಸಮಾಧಾನ ಹೇಳುತ್ತಾರೆ. ಸಾದೃಶ್ಯವನ್ನು ಕಂಡು ಹಿಗ್ಗುವ ಬದಲು ಅದನ್ನೇ ಶಂಕಿಸಿ, ವ್ಯತ್ಯಾಸಗಳ ಕ್ರಮಬದ್ಧತೆಯನ್ನು ಪ್ರಮಾಣವೆಂದು ಗ್ರಹಿಸುವ ಈ ನಿಷ್ಠುರತೆಯೇ ಈ ಪ್ರಸ್ಥಾನದ ಪರಮ ಗುಣ.

ಈ ಧಾತುವಿನ ಸಂತತಿ ಕನ್ನಡಕ್ಕೆ ಬಂದ ದಾರಿಗಳೂ ಹಲವು. ಮಹಾದ್ವಾರವು ಸಂಸ್ಕೃತದಿಂದ ಬಂದಿತು. ಮೈಸೂರಿನ ದರಬಾರು ಪಾರಸಿಯ ದರ್ ಶಬ್ದವನ್ನು ತನ್ನ ಆದಿಯಲ್ಲಿ ಇಟ್ಟುಕೊಂಡಿದೆ. ಬಾಗಿಲ ಹೊರಗೆ ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಫಾರಿನ್ ನಮ್ಮ ಹಳ್ಳಿಗರ ಬಾಯಲ್ಲಿಯೂ ಇದೆ. ಬಾಗಿಲಿನಾಕಾರದ ಗುರಾಣಿಗೆ ಗ್ರೀಕರಿಟ್ಟ ಹೆಸರಿನಿಂದ ವೈದ್ಯರ ಥೈರಾಯ್ಡ್ ಬಂದಿದೆ. ಆದರೆ ನಮ್ಮ ಮನೆಯ ಬಾಗಿಲು ಮಾತ್ರ ಈ ವಂಶದ್ದಲ್ಲ. ತಮಿಳಿನ ವಾಯಿಲ್, ತೆಲುಗಿನ ವಾಕಿಲಿಗಳೊಡನೆ ಅದು ಬಾಯಿ ಎಂಬರ್ಥದ ದ್ರಾವಿಡ ಶಬ್ದಕ್ಕೆ ಸೇರಿದುದು. ತಮಿಳಿನ ವೇರ್ ನಮ್ಮಲ್ಲಿ ಬೇರು, ವಿಲ್ ನಮ್ಮಲ್ಲಿ ಬಿಲ್ಲು ಆದ ನಿಯಮದಿಂದಲೇ ಇಲ್ಲಿಯ ವಕಾರವೂ ಬಕಾರವಾಗಿದೆ. ಇತ್ತ ಗುಜರಾತಿಯಲ್ಲಿ ಸಂಸ್ಕೃತದ ದ್ವಾರವೇ ಪ್ರಾಕೃತದ ಮೂಲಕ ಸವೆದು ಬಾರಣುಂ ಆಗಿದೆ. ಬಾರಣುಂ, ಬಾಗಿಲು ಎರಡನ್ನೂ ಒಟ್ಟಿಗೆ ಕೇಳಿದವರು ಅವು ಒಡಹುಟ್ಟಿದವೆನ್ನುವರು, ಧ್ವನಿನಿಯಮವು ಅಲ್ಲವೆನ್ನುತ್ತದೆ. ಇಂಥಲ್ಲಿ ಕಿವಿಯ ಸಾಕ್ಷಿಯನ್ನು ತಳ್ಳಿಹಾಕಬೇಕಾಗುತ್ತದೆ.

ಈ ವಿಧಾನವು ನಮಗೆ ಪರಕೀಯವೂ ಅಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ, ಯಾತ್ರೆಯು ಜಾತ್ರೆಯಾಗುವುದನ್ನೂ ವನವು ಬನವಾಗುವುದನ್ನೂ ವರ್ಣವರ್ಣದ ಪಲ್ಲಟವಾಗಿ ವಿಧಿಸಿದ ಕ್ರಮದಲ್ಲಿ ನಿಯಮದ ಪ್ರಜ್ಞೆ ಸುಸ್ಪಷ್ಟವಾಗಿದೆ. ಅವನ ಕಾಲದ ಶಾಸ್ತ್ರದಲ್ಲಿ ಇಲ್ಲದಿದ್ದುದು, ಸಂಸ್ಕೃತವೂ ಮತ್ತಾವುದೋ ನುಡಿಯ ಮಗಳಾಗಿರಬಹುದು, ದೇಶ್ಯಪದಗಳಿಗೂ ಬೇರೆಯೇ ಒಂದು ಕುಲವಿರಬಹುದು ಎಂಬ ಕಲ್ಪನೆ. ಹಳಗನ್ನಡದ ಪಾಲ್, ಪೂ, ಪಲ್ ಎಂಬ ರೂಪಗಳು ಹತ್ತನೆಯ ಶತಮಾನದ ಆಸುಪಾಸಿನಿಂದ ಹಾಲು, ಹೂವು, ಹಲ್ಲುಗಳಾಗುತ್ತ ಬಂದುದನ್ನು, ದೇಶ್ಯದೊಡನೆ ತದ್ಭವವನ್ನೂ ಸೆಳೆದುಕೊಂಡು ಪರ್ವದಿಂದಾದ ಪಬ್ಬವು ಹಬ್ಬವಾದುದನ್ನು, ನಾವು ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಕಣ್ಣಾರೆ ಕಾಣಬಹುದು. ಪಿತೃವಿನ ಪಕಾರ ಫಾದರ್ ಶಬ್ದದಲ್ಲಿ ಫಕಾರವಾಯಿತೆಂಬ ಗ್ರಿಮ್ಮನ ಮಾತನ್ನು ಒಪ್ಪುವುದಕ್ಕೆ, ಆದುದರಿಂದ, ಕನ್ನಡಿಗನಿಗೆ ಪರದೇಶದ ಸಾಕ್ಷ್ಯವೇ ಬೇಕಾಗಿಲ್ಲ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಮೂಲಧಾತುವಿನ ಆದಿಯಲ್ಲಿ ವಿದ್ವಾಂಸರಿಡುವ ನಕ್ಷತ್ರಚಿಹ್ನೆಯು ಅದು ಎಲ್ಲಿಯೂ ಬರೆದು ದೊರೆತ ರೂಪವಲ್ಲವೆಂಬುದರ ಗುರುತು. ಧ್ವೆರ್ ಎಂಬುದು ಹಲವು ಭಾಷೆಗಳ ಸಂವಾದವನ್ನು ಸಂಗ್ರಹಿಸಿ ಹೇಳುವ ಸೂತ್ರ. ಈ ಗುರುತನ್ನು ಮರೆತು, ಸೂತ್ರವನ್ನು ಜನರ ನುಡಿಯೆಂದೂ, ನುಡಿಯನ್ನು ಜನಾಂಗವೆಂದೂ, ಜನಾಂಗವನ್ನು ರಕ್ತವೆಂದೂ ಬಗೆದ ಯೂರೋಪಿನ ಪ್ರಮಾದವು ಜಗತ್ತಿಗೆ ತಂದ ಅನರ್ಥ ಸರ್ವವಿದಿತ; ಭಾಷೆಯಿಂದ ಜನಾಂಗವನ್ನು ನಿರ್ಣಯಿಸಲಾಗದೆಂದು ಮ್ಯಾಕ್ಸ್ ಮುಲ್ಲರನು 1888ರಲ್ಲಿಯೇ ಎಚ್ಚರಿಸಿದ್ದನು. ಎರಡನೆಯ ದೋಷವೆಂದರೆ, ವಂಶವೃಕ್ಷದ ಚಿತ್ರದಲ್ಲಿ ನೆರೆಹೊರೆಗೆ ಎಡೆಯಿಲ್ಲದಿರುವುದು. ಮಹಾರಾಷ್ಟ್ರದ ಗಡಿಯ ಕುಪವಾಡ ಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದುಗಳು ತಮ್ಮ ತಮ್ಮ ಶಬ್ದಗಳನ್ನು ಕಾಪಾಡಿಕೊಂಡೇ ವಾಕ್ಯರಚನೆಯಲ್ಲಿ ಒಂದನ್ನೊಂದು ಹೋಲುವಷ್ಟು ಸಮೀಪಿಸಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದರು. ಜನ್ಮದಿಂದ ಬಂದುದರಷ್ಟೇ ಸಹವಾಸದಿಂದ ಬಂದುದೂ ಭಾಷೆಗೆ ಸಹಜ. ಬೇರನ್ನು ಮಾತ್ರ ಅರಸುವ ಶಾಸ್ತ್ರವು ಅದನ್ನು ಕಾಣದೆ ಹೋಗುತ್ತದೆ.

ನಮ್ಮವರಲ್ಲಿಯೂ ಎರಡು ಅತಿರೇಕಗಳುಂಟು: ಕನ್ನಡದ ಸರ್ವಸ್ವವನ್ನೂ ಸಂಸ್ಕೃತದಿಂದ ಇಳಿಸುವುದು ಒಂದು, ಸಂಸ್ಕೃತದ ಸರ್ವಸ್ವವನ್ನೂ ಕನ್ನಡದಿಂದ ಏರಿಸುವುದು ಇನ್ನೊಂದು. ಬಾಪನ ಗ್ರಂಥ ಹೊರಬಂದ 1816ರಲ್ಲಿಯೇ ಮದರಾಸಿನಲ್ಲಿ ಎಲ್ಲಿಸ್ ಎಂಬ ಅಧಿಕಾರಿಯು ದಕ್ಷಿಣದ ನುಡಿಗಳು ಸಂಸ್ಕೃತಜನ್ಯವಲ್ಲವೆಂದು ನಿರೂಪಿಸಿ ಮೊದಲನೆಯದಕ್ಕೆ ಉತ್ತರವಿತ್ತನು. 1894ರ ಕಿಟೆಲ್ ಕೋಶವು ಸಂಸ್ಕೃತವು ದ್ರಾವಿಡದಿಂದ ಪಡೆದಿರಬಹುದಾದ ಪದಗಳನ್ನು ಪಟ್ಟಿಮಾಡಿ, ಕೊಡುಕೊಳೆ ಎರಡು ಕಡೆಯಿಂದಲೂ ನಡೆದಿತ್ತೆಂಬುದನ್ನು ತೋರಿಸಿತು. ಸ್ಥಳನಾಮಗಳ ಜಾಡು ಹಿಡಿದು ಇಂದಿನ ಮಹಾರಾಷ್ಟ್ರದ ಒಳನಾಡಿನಲ್ಲಿ ಕನ್ನಡದ ಹೆಜ್ಜೆಗಳನ್ನು ಗುರುತಿಸಿದ ಶಂ. ಬಾ. ಜೋಶಿಯವರ ದರ್ಶನವು ಅಸಾಧಾರಣವಾದುದು. ಅವರ ನಿಷ್ಪತ್ತಿಗಳಲ್ಲಿ ಕೆಲವು ನಾದಸಾಮ್ಯದ ಮೇಲೆ ಹೊರಬಲ್ಲುದಕ್ಕಿಂತ ಹೆಚ್ಚಿನ ಭಾರವನ್ನು ಹೇರುತ್ತವೆ ಎಂಬುದನ್ನು, ಅವರಲ್ಲಿ ಗೌರವವಿರುವವರೇ, ಹೇಳಬೇಕು. ದೆಹಲಿ ಎಂಬುದು ಹೊಸ್ತಿಲೆಂಬರ್ಥದ ದೇಹಲಿಯಿಂದ ಬಂದಿತೆನ್ನುವ ಜನಪ್ರಿಯ ಊಹೆಯೂ ಇದೇ ಜಾತಿಯದು. ದ್ವಾರಕೆಯ ಮಗ್ಗುಲಿನ ಪಾಲಮಿನ ಮೆಟ್ಟಿಲುಬಾವಿಯ ಶಾಸನವು ಹದಿಮೂರನೆಯ ಶತಮಾನದಲ್ಲಿ ಆ ನಗರವನ್ನು ಢಿಲ್ಲಿ ಎಂದು ಹೆಸರಿಸಿರುವಾಗ, ನಾವು ವಿವರಿಸಬೇಕಾದುದು ಆ ರೂಪವನ್ನೇ ಹೊರತು ನಮಗೆ ಹಿತವಾದ ಅರ್ಥವನ್ನಲ್ಲ.

ನಿಷ್ಪತ್ತಿಯು ಊಹಾವಿಲಾಸವಲ್ಲ, ಒಂದು ವ್ರತ. ಪದವೊಂದರ ಅತ್ಯಂತ ಪ್ರಾಚೀನ ರೂಪವನ್ನು ಮೊದಲು ಹುಡುಕಬೇಕು. ಪ್ರತಿ ವರ್ಣದ ಪಲ್ಲಟಕ್ಕೂ ಇತರ ಪದಗಳಲ್ಲಿ ನಿದರ್ಶನ ಕೊಡಬೇಕು. ನಿದರ್ಶನ ದೊರೆಯದಿದ್ದರೆ ತೀರ್ಪನ್ನು ತಡೆಹಿಡಿಯಬೇಕು. ನಮ್ಮ ನೊಗವು ಸಂಸ್ಕೃತದ ಯುಗ, ಇಂಗ್ಲಿಷಿನ ಯೋಕ್‌ಗಳ ಬಂಧುವೇ, ಅಥವಾ ತಮಿಳಿನ ನುಗಂ ಶಬ್ದದೊಡನೆ ಸ್ವತಂತ್ರವಾದ ದ್ರಾವಿಡವೇ ಎಂಬಲ್ಲಿ ಒಮ್ಮತವಿಲ್ಲದಿರುವಾಗ, ಇಲ್ಲವೆಂದೇ ಒಪ್ಪುವುದು ಪಾಂಡಿತ್ಯಕ್ಕೆ ಕುಂದಲ್ಲ. ಕಿಟೆಲ್, ಬರೋ ಮತ್ತು ಎಮೆನೋ ಇವರ ದ್ರಾವಿಡ ನಿಷ್ಪತ್ತಿಕೋಶ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಈ ಸಾಮಗ್ರಿ ನಮ್ಮ ಕೈಯಲ್ಲಿಯೇ ಇದೆ. ಇದನ್ನು ತೆರೆದು ನೋಡದೆ ಪದಗಳ ಕುಲವನ್ನು ಕುರಿತು ಭಾಷಣ ಮಾಡುವ ಚಾಪಲ್ಯವನ್ನು ನಮ್ಮ ಲೇಖಕರೂ ಉಪಾಧ್ಯಾಯರೂ ತ್ಯಜಿಸಿದರೆ, ಎರಡು ಮಹಾಕುಲಗಳ ಸಂಪತ್ತನ್ನು ಉಂಡು ಬೆಳೆದ ಕನ್ನಡವು ತನ್ನ ಪಿತ್ರಾರ್ಜಿತವಾವುದು, ಸ್ವಾರ್ಜಿತವಾವುದು, ಸ್ನೇಹದಿಂದ ಪಡೆದುದಾವುದು ಎಂಬುದನ್ನು ಪ್ರಮಾಣಪೂರ್ವಕವಾಗಿ ಹೇಳಬಲ್ಲುದಾಗುತ್ತದೆ.