ಅನುದಾನ ಸಿಕ್ಕಿತು, ಕೊಳ್ಳುವವರು ಯಾರು?

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹುಟ್ಟಿದ ತಂತ್ರಜ್ಞಾನವನ್ನು ಮಾರುಕಟ್ಟೆಗೆ ತರಲು ಸರ್ಕಾರ ಕೊಡುವ ಹಣದ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ದೂರು ಕೇಳಿಬರುತ್ತವೆ. ಹಣ ಸಾಲದು ಎನ್ನುವವರು ಕೆಲವರು, ಕೊಟ್ಟ ಹಣ ಪೋಲಾಗುತ್ತಿದೆ ಎನ್ನುವವರು ಇನ್ನು ಕೆಲವರು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯಡಿ ಇರುವ ಬಿರಾಕ್ ಸಂಸ್ಥೆ 2012ರಿಂದ ನಡೆಸುತ್ತಿರುವ ‘ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್’ ಯೋಜನೆಯನ್ನು, ಎಲ್ಲರ ಬಾಯಲ್ಲಿರುವಂತೆ ‘ಬಿಗ್’ ಅನ್ನು, ಹತ್ತಿರದಿಂದ ನೋಡಿದರೆ ನಿಜವಾದ ತೊಂದರೆ ಇವೆರಡರಲ್ಲೂ ಇಲ್ಲ ಎಂದು ನನಗೆ ಅನಿಸುತ್ತದೆ.

ಮೊದಲು ಅದರ ಒಳ್ಳೆಯ ಗುಣ ಹೇಳಬೇಕು. ಬಿಗ್ ಗರಿಷ್ಠ 50 ಲಕ್ಷ ರೂಪಾಯಿ ಕೊಡುತ್ತದೆ, ಅವಧಿ 18 ತಿಂಗಳು. ಹಣ ಒಂದೇ ಸಲ ಬರುವುದಿಲ್ಲ. ಒಪ್ಪಿಕೊಂಡ ಗುರಿ ಮುಟ್ಟಿದಂತೆ ಕಂತುಕಂತಾಗಿ ಬರುತ್ತದೆ. ಸರ್ಕಾರ ಕಂಪನಿಯಲ್ಲಿ ಪಾಲು ಕೇಳುವುದಿಲ್ಲ, ಪೇಟೆಂಟಿನ ಹಕ್ಕೂ ಕಂಡುಹಿಡಿದವರಲ್ಲೇ ಉಳಿಯುತ್ತದೆ. ಅರ್ಜಿದಾರರ ಕೈಹಿಡಿದು ನಡೆಸಲು ದೇಶದಲ್ಲಿ ಹಲವು ಪಾಲುದಾರ ಸಂಸ್ಥೆಗಳಿವೆ. ಬೆಂಗಳೂರಿನಲ್ಲಿ ಆ ಕೆಲಸ ಮಾಡುವ ಸಿ-ಕ್ಯಾಂಪ್ ಇರುವುದು ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ.

ಸಂಶೋಧನೆ ಇನ್ನೂ ಪ್ರಯೋಗಾಲಯದಿಂದ ಹೊರಬರದ ಈ ಹಂತದಲ್ಲಿ ಬ್ಯಾಂಕು ಸಾಲ ಕೊಡುವುದಿಲ್ಲ, ಏಕೆಂದರೆ ಅಡವಿಡಲು ಏನೂ ಇಲ್ಲ. ಹೂಡಿಕೆದಾರರ ಮುಂದಿಡಲು ಮಾದರಿಯೇ ಸಿದ್ಧವಾಗಿರುವುದಿಲ್ಲ. ಮಾಮೂಲಿ ಸಂಶೋಧನಾ ಯೋಜನೆಯ ಹಣ ವಿದ್ಯಾರ್ಥಿವೇತನಕ್ಕೂ ರಾಸಾಯನಿಕಗಳಿಗೂ ಖರ್ಚಾಗಿ, ಒಂದೆರಡು ಪ್ರಬಂಧಗಳಲ್ಲಿ ಮುಗಿಯುತ್ತದೆ. ಪಿಎಚ್.ಡಿ. ಮುಗಿಸಿದವರು ಕೆಲಸ ಹುಡುಕಿಕೊಂಡು ಹೋಗುವ ಬದಲು ತಮ್ಮ ಸಂಶೋಧನೆಯನ್ನೇ ಕಂಪನಿಯಾಗಿ ಬೆಳೆಸುವ ಧೈರ್ಯ ಮಾಡಿದ್ದರೆ, ಅದರಲ್ಲಿ ಇಂಥ ಅನುದಾನದ ಪಾತ್ರ ದೊಡ್ಡದು. ಇದನ್ನು ಪೋಲು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕೊರತೆಗಳೂ ಇವೆ. 2012ರಲ್ಲಿ ಡಾಲರಿಗೆ 55 ರೂಪಾಯಿಯ ಆಸುಪಾಸಿನ ದರವಿತ್ತು, ಈಗ 85 ದಾಟಿದೆ. ಪ್ರಯೋಗಾಲಯದ ಕಿಟ್‌ಗಳು, ಎಂಜೈಮ್‌ಗಳು, ಸೆನ್ಸರ್‌ಗಳು ಬಹುಪಾಲು ಹೊರಗಿನಿಂದಲೇ ಬರಬೇಕು. ಹತ್ತು ವರ್ಷ ಕಳೆದ ಮೇಲೂ ಅದೇ 50 ಲಕ್ಷದ ಮಿತಿ ಎಂದರೆ ಅನುದಾನ ಸದ್ದಿಲ್ಲದೆ ಕರಗಿದೆ ಎಂದೇ ಲೆಕ್ಕ. ಇನ್ನು 18 ತಿಂಗಳ ಗಡುವು ಮೊಬೈಲ್ ಆ್ಯಪ್ ಮಾಡುವವರಿಗೆ ಸಾಕಾದೀತು. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆಗೆ ಕಾದು, ರೋಗಿಗಳ ಮಾದರಿ ಸಂಗ್ರಹಿಸಿ, ಪರೀಕ್ಷೆ ನಡೆಸಬೇಕಾದವರಿಗೆ ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಇದರಿಂದಾಗಿ, ತಿಳಿಯಲೇಬೇಕಾದ ಪ್ರಶ್ನೆಯನ್ನು ಬಿಟ್ಟು, ಗಡುವಿನೊಳಗೆ ಮುಗಿಯುವ ಗುರಿಯನ್ನೇ ಅರ್ಜಿಯಲ್ಲಿ ಬರೆಯುವ ಒತ್ತಡ ಹುಟ್ಟುತ್ತದೆ.

ಇವೆಲ್ಲ ತಿದ್ದಬಹುದಾದ ಸಂಗತಿಗಳು. ತೀರಾ ಕಾಡುವ ಪ್ರಶ್ನೆ ಬೇರೆ: ಮಾದರಿ ಸಿದ್ಧವಾದ ಮೇಲೆ ಅದನ್ನು ಮೊದಲು ಕೊಳ್ಳುವವರು ಯಾರು?

ನಮ್ಮ ಮೈಸೂರಿನಲ್ಲೇ ಇದಕ್ಕೊಂದು ಹಳೆಯ ಉತ್ತರವಿದೆ. ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿ ರೂಪುಗೊಂಡದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಅದು ವಿಶ್ವವಿದ್ಯಾಲಯವಲ್ಲದಿದ್ದರೂ ಜನರ ತೆರಿಗೆ ಹಣದಲ್ಲಿ ನಡೆಯುವ ಸಂಶೋಧನಾಲಯ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕಂಟಿ ಬೆಳಕಿಗೆ ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ. 1953ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಮೂಲಕ ಅದರ ಲೈಸೆನ್ಸು 1962ರಲ್ಲಿ ಮೈಸೂರಿನ ಬಣ್ಣದ ಕಾರ್ಖಾನೆಗೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಆ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಶಾಯಿ ಇಂದಿಗೂ ಅಲ್ಲೇ ತಯಾರಾಗುತ್ತದೆ, ಹೊರದೇಶಗಳಿಗೂ ಹೋಗುತ್ತದೆ. ಈ ತಂತ್ರಜ್ಞಾನ ಗೆದ್ದದ್ದು ಶಾಯಿಯ ಗುಣದಿಂದ ಮಾತ್ರವಲ್ಲ. ಚುನಾವಣಾ ಆಯೋಗ ಎಂಬ ಖಚಿತ ಗಿರಾಕಿ ಮೊದಲ ದಿನದಿಂದಲೇ ಎದುರಿಗಿತ್ತು.

ಸಿಂಪ್ಯೂಟರ್‌ಗೆ ಅಂಥ ಗಿರಾಕಿ ಸಿಗಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ 2001ರಲ್ಲಿ ಜಗತ್ತಿನ ಮುಂದಿಟ್ಟ ಕೈಗಣಕ ಅದು. ಸ್ಮಾರ್ಟ್ ಕಾರ್ಡ್ ತೂರಿಸಿದರೆ ಇಡೀ ಊರಿಗೆ ಒಂದೇ ಯಂತ್ರ ಸಾಕು, ಪ್ರತಿಯೊಬ್ಬರ ಮಾಹಿತಿ ಅವರವರ ಕಾರ್ಡಿನಲ್ಲಿ. ಓದಲು ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆಯನ್ನೂ ಯೋಚಿಸಿದ್ದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾದರಿಯಲ್ಲಿ, ಕೈಯಲ್ಲಿ ಹಿಡಿದು ವಾಲಿಸಿದರೆ ಪುಟ ಮಗುಚುವ ಸೆನ್ಸರ್ ಇತ್ತು. ಐಫೋನ್ ಬರುವ ಮೂರು ವರ್ಷ ಮುಂಚಿನ ಮಾತಿದು. ಶಾಲೆ, ಪಂಚಾಯಿತಿ, ಆರೋಗ್ಯ ಕೇಂದ್ರಗಳಿಗೆಂದೇ ರೂಪಿಸಿದ ಯಂತ್ರವನ್ನು ಅವುಗಳನ್ನು ನಡೆಸುವ ಸರ್ಕಾರಗಳು ದೊಡ್ಡ ಸಂಖ್ಯೆಯಲ್ಲಿ ಕೊಳ್ಳಲಿಲ್ಲ. ಕೆಲವೇ ಸಾವಿರ ಮಾರಾಟವಾಗಿ ಸಿಂಪ್ಯೂಟರ್ ನಿಂತುಹೋಯಿತು. ಎಲ್ಲ ತಪ್ಪೂ ಸರ್ಕಾರದ್ದಲ್ಲ, ಬೆಲೆ ಅಂದುಕೊಂಡಷ್ಟು ಇಳಿಯಲಿಲ್ಲ. ಆದರೆ ದೊಡ್ಡ ಆರ್ಡರ್ ಇಲ್ಲದೆ ಬೆಲೆ ಇಳಿಯುವುದಾದರೂ ಹೇಗೆ?

ಅಮೆರಿಕ 1982ರಲ್ಲಿ ಸಣ್ಣ ಕಂಪನಿಗಳ ಸಂಶೋಧನೆಗೆಂದು ಎಸ್‌ಬಿಐಆರ್ ಕಾನೂನು ತಂದು ಮುಂದೆ ಬೆಳೆಸಿದ ದಾರಿಯಲ್ಲಿ ನಮಗೆ ಪಾಠವಿದೆ. ಮೊದಲೆರಡು ಹಂತಗಳಲ್ಲಿ ಸಣ್ಣ ಕಂಪನಿಗೆ ಸಂಶೋಧನೆಯ ಹಣ. ಮೂರನೆಯ ಹಂತದಲ್ಲಿ ಆ ಯೋಜನೆಯಿಂದ ಅನುದಾನವಿಲ್ಲ. ಬದಲಿಗೆ ಆ ತಂತ್ರಜ್ಞಾನವನ್ನು ಮತ್ತೆ ಸ್ಪರ್ಧೆಗೆ ಇಳಿಸದೆ ಸರ್ಕಾರಿ ಇಲಾಖೆಗಳು ನೇರವಾಗಿ ಕೊಳ್ಳಬಹುದು. ಅನುದಾನ ಮತ್ತು ಖರೀದಿ ಒಂದೇ ಸೂತ್ರದಲ್ಲಿವೆ.

ನಮ್ಮಲ್ಲಿ ಅನುದಾನ ಕೊಡುವ ಇಲಾಖೆ ಒಂದು, ಆಸ್ಪತ್ರೆಗೆ ಸಾಮಾನು ಕೊಳ್ಳುವ ಇಲಾಖೆ ಇನ್ನೊಂದು. ಸ್ಟಾರ್ಟ್‌ಅಪ್‌ಗಳಿಗೆ ಹಳೆಯ ಅನುಭವ, ವಹಿವಾಟಿನ ಷರತ್ತು ಸಡಿಲಿಸಿದ್ದಾರೆ, ನಿಜ. ಆದರೂ ಟೆಂಡರ್ ಎಂದರೆ ಇಂದಿಗೂ ಮುಖ್ಯವಾಗಿ ‘ಎಲ್-1’, ಕಡಿಮೆ ದರ ಹೇಳಿದವರಿಗೆ ಆರ್ಡರ್. ವೈದ್ಯಕೀಯ ಉಪಕರಣಗಳ ಟೆಂಡರುಗಳಲ್ಲಿ ವಿದೇಶಿ ಪ್ರಮಾಣಪತ್ರ ಕೇಳುವ ರೂಢಿಯೂ ಇದೆ. ಇದುವರೆಗೆ ಯಾರೂ ಮಾಡದ ಸಾಧನ ತಂದವರು ಅಲ್ಲಿ ಯಾವ ಕಲಂ ತುಂಬಬೇಕು?

ಕೇಂದ್ರ ಸಂಪುಟ 2025ರ ಜುಲೈನಲ್ಲಿ 1 ಲಕ್ಷ ಕೋಟಿ ರೂಪಾಯಿಯ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊತ್ತ ದೊಡ್ಡದು, ಸ್ವಾಗತಿಸಲೇಬೇಕು. ಆದರೆ ಅದರ ಬಹುಮುಖ್ಯ ಸಾಧನ ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲ, ಅದೂ ಖಾಸಗಿ ವಲಯಕ್ಕೆ, ತಂತ್ರಜ್ಞಾನ ಸಾಕಷ್ಟು ಪಕ್ವವಾದ ಮೇಲೆ. ಕೊಳ್ಳುವವರೇ ಇಲ್ಲದ ಕಂಪನಿಗೆ ಬಡ್ಡಿಯಿಲ್ಲದ ಸಾಲವೂ ಸಾಲವೇ.

ಆದ್ದರಿಂದ ಬಿಗ್ ಉಳಿಯಬೇಕು, ಮೊತ್ತ ಹೆಚ್ಚಬೇಕು, ಗಡುವು ವಿಷಯಕ್ಕೆ ತಕ್ಕಂತೆ ಹಿಗ್ಗಬೇಕು. ಅದರ ಯಶಸ್ಸನ್ನು ಎಷ್ಟು ಸ್ಟಾರ್ಟ್‌ಅಪ್ ಹುಟ್ಟಿದವು ಎಂದು ಎಣಿಸುವುದು ಬಿಟ್ಟು, ಎಷ್ಟು ಸಾಧನಗಳು ತಾಲ್ಲೂಕು ಆಸ್ಪತ್ರೆಯಲ್ಲಿ ಬಳಕೆಯಲ್ಲಿವೆ ಎಂದು ಎಣಿಸಬೇಕು. ಕರ್ನಾಟಕ ಸರ್ಕಾರವೂ ಎಲಿವೇಟ್ ಸ್ಪರ್ಧೆಯ ಮೂಲಕ 50 ಲಕ್ಷದವರೆಗೆ ಅನುದಾನ ಕೊಡುತ್ತಿದೆ. ಔಷಧ, ಉಪಕರಣ ಕೊಳ್ಳಲು ರಾಜ್ಯಕ್ಕೆ ತನ್ನದೇ ವೈದ್ಯಕೀಯ ಸರಬರಾಜು ನಿಗಮವಿದೆ. ರಾಜ್ಯದ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆಯ 4(ಜಿ) ಕಲಮಿನಡಿ ಟೆಂಡರಿನಿಂದ ವಿನಾಯಿತಿ ಕೊಡುವ ಅಧಿಕಾರವೂ ಸರ್ಕಾರದ ಕೈಯಲ್ಲೇ ಇದೆ. ಅದನ್ನು ಬೇರೆ ಬೇರೆ ಕಾರಣಗಳಿಗೆ ಬಳಸುವ ಸರ್ಕಾರ, ತಾನೇ ಹಣ ಕೊಟ್ಟು ಬೆಳೆಸಿದ, ಪರೀಕ್ಷೆಯಲ್ಲಿ ಪಾಸಾದ ಸಾಧನಗಳಿಗೂ ಬಹಿರಂಗ ನಿಯಮಗಳಡಿ ಬಳಸಲಿ. ನಿಗಮದ ವಾರ್ಷಿಕ ಖರೀದಿಯಲ್ಲಿ ಒಂದು ಸಣ್ಣ ಪಾಲನ್ನು ಇದಕ್ಕೆಂದೇ ಮುಂದಿನ ಬಜೆಟ್‌ನಲ್ಲಿ ಮೀಸಲಿಡಲಿ.