ಉಗುರಿಗೆ ಗೊತ್ತಾಗುವ ರುಚಿ

ಮಾವ ತೆನೆಯೊಂದನ್ನು ಬಗ್ಗಿಸಿ, ನಡುವಿನ ಒಂದು ಕಾಳಿಗೆ ಹೆಬ್ಬೆರಳಿನ ಉಗುರು ಊರಿದರು. ಬಿಳಿ ಹಾಲು ಚಿಮ್ಮಿತು. "ಇದಿನ್ನಾ ಹಾಲಗಾಳ ಐತಿ. ಮುಂದ ನಡಿ," ಅಂದರು. ಹತ್ತು ಹೆಜ್ಜೆಯಾಚೆ ಮತ್ತೊಂದು ತೆನೆ. ಅಲ್ಲಿ ಉಗುರು ಮೆತ್ತಗೆ ಒಳಗಿಳಿಯಿತು, ಹಾಲು ಚಿಮ್ಮಲಿಲ್ಲ. ನಾದಿದ ಹಿಟ್ಟಿನಂಥದ್ದು ಉಗುರಿನ ತುದಿಗೆ ಹತ್ತಿಕೊಂಡಿತು. ಅದನ್ನು ನಾಲಿಗೆಗೆ ಮುಟ್ಟಿಸಿ ಒಂದು ಗಳಿಗೆ ಸುಮ್ಮನೆ ನಿಂತರು. "ಬಂತ ನೋಡವ್ವಾ. ಇದ ಸೀತನಿ."

ವಿಜಯಪುರ ಜಿಲ್ಲೆಯಲ್ಲಿ ಡೋಣಿ ಹೊಳೆಯ ದಂಡೆಯ ಊರು ಅದು, ನನ್ನ ತಾಯಿಯ ತವರು. ಎಳ್ಳ ಅಮಾವಾಸ್ಯೆ ಮುಗಿದು ಸಂಕ್ರಾಂತಿಗೆ ಇನ್ನೂ ದಿನವಿರುವ ಹೊತ್ತು. ಬಸ್ಸಿಳಿದು ಊರ ಕಡೆ ನಡೆದರೆ ಎರಡೂ ಕಡೆ ತಲೆಯೆತ್ತರ ಜೋಳ. ಬೆಳಗಿನ ಇಬ್ಬನಿಗೆ ಎಲೆಗಳೆಲ್ಲ ಒದ್ದೆ. ದಿಬ್ಬದ ಮೇಲೆ ನಿಂತು ನೋಡಿದರೆ ಒಂದು ಮರವೂ ಅಡ್ಡ ಬರದೆ ಬಯಲು ಮುಗಿಲಿನ ಅಂಚಿನವರೆಗೆ ಹಾಸಿಕೊಂಡಿದೆ. ಈ ಸೀಮೆಯನ್ನು ಮೊದಲ ಸಲ ಕಂಡವರು ಬರೀ ಬಯಲು ಅನ್ನುತ್ತಾರೆ. ಅದರ ಚೆಲುವು ತಿಳಿಯಬೇಕಾದರೆ ಅದನ್ನು ಬಾಯಿಯಿಂದ ನೋಡಬೇಕು, ಅದೂ ವರ್ಷದ ಈ ಹತ್ತು ಹದಿನೈದು ದಿನಗಳಲ್ಲಿ.

ಸೀತನಿಯೆಂದರೆ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ ಬಿಡಿಸಿಕೊಂಡ ಕಾಳು. ಕೆಲವರ ಬಾಯಲ್ಲಿ ಅದು ಸಿಹಿತೆನೆ. ಕಾಳು ಹಾಲು ತುಂಬಿಕೊಂಡು, ಹಾಲು ಗಟ್ಟಿಯಾಗಿ, ಇನ್ನೂ ಬಲಿಯದೆ ಇರುವ ಕೆಲವೇ ದಿನಗಳಿರುತ್ತವೆ. ಒಳಗಿನ ಸಕ್ಕರೆ ಪೂರ್ತಿ ಹಿಟ್ಟಾಗಿ ತಿರುಗುವ ಮೊದಲಿನ ದಿನಗಳು ಅವು. ಎರಡು ದಿನ ಮುಂಚೆ ಕಿತ್ತರೆ ಕಾಳು ಕೆಂಡದಲ್ಲಿ ಸುಕ್ಕಿ ಹೋಗುತ್ತದೆ. ನಾಲ್ಕು ದಿನ ತಡವಾದರೆ ಉಗುರೇ ಇಳಿಯುವುದಿಲ್ಲ. ಆಮೇಲೆ ಅದು ರೊಟ್ಟಿಯ ಜೋಳ. ರೊಟ್ಟಿ ವರ್ಷವಿಡೀ ಸಿಗುತ್ತದೆ, ಸೀತನಿಗೆ ಮಾತ್ರ ಹೊಲಕ್ಕೇ ಹೋಗಬೇಕು.

ಈ ಜೋಳ ಬೆಳೆಯುವ ಬಗೆಯೇ ನನಗೆ ಇಂದಿಗೂ ಸೋಜಿಗ. ಈ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು, ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಆಸುಪಾಸಿಗೆ. ಆ ಮಳೆ ನಿಂತ ಮೇಲೆ, ಹಿಂಗಾರಿಗೆ ಬಿತ್ತುತ್ತಾರೆ. ಮುಂದೆ ಒಂದು ಹನಿ ಬೀಳದೆ ಇದ್ದರೂ ಜೋಳ ಎದ್ದು ನಿಲ್ಲುತ್ತದೆ. ಎರೆಮಣ್ಣು ಕುಡಿದಿಟ್ಟುಕೊಂಡ ನೀರನ್ನು ಬೇರು ಒಂದೊಂದೇ ಗೇಣು ಕೆಳಗಿಳಿದು ಹುಡುಕಿಕೊಳ್ಳುತ್ತದೆ. ಮಳೆಯಲ್ಲಿ ಈ ಮಣ್ಣಿನಲ್ಲಿ ಕಾಲಿಟ್ಟರೆ ಚಪ್ಪಲಿಯನ್ನೇ ನುಂಗಿಬಿಡುವಷ್ಟು ಜಿಗುಟು. ಬೇಸಿಗೆಯಲ್ಲಿ ತೋಳು ತೂರುವಷ್ಟು ಬಿರುಕು. ಬೆಳೆ ನಿಂತಿರುವಾಗ ಬಿರುಕು ಬಿಟ್ಟರೆ ತೇವ ಹಾರಿಹೋಗುತ್ತದೆಂದು ರೈತರು ಎಡೆ ಹೊಡೆದು ಬಿರುಕಿನ ಬಾಯಿಗೆ ಮಣ್ಣು ಮುಚ್ಚುತ್ತಾರೆ. ನೀರು ಹಾಯಿಸುವವರು ನೀರನ್ನು ಕಣ್ಣಿಂದ ಕಾಣುತ್ತಾರೆ. ಇಲ್ಲಿಯ ರೈತ ಕಾಣದ ನೀರನ್ನು ಕಾಯುತ್ತಾನೆ.

ಡೋಣಿಯ ನೀರಿಗೆ ಉಪ್ಪಿನ ರುಚಿ, ಕುಡಿಯಲು ಬಾರದು. ಆದರೆ ಅದರ ದಂಡೆಯ ಎರೆಯ ಸತ್ವ ಎಂಥದ್ದೆಂದರೆ, ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತೇ ಹುಟ್ಟಿಕೊಂಡಿದೆ. ಮಾವನ ಎರಡು ಹೊಲಗಳಲ್ಲಿ ಒಂದು ಹೊಳೆಯ ಪಕ್ಕದ ತಗ್ಗಿನಲ್ಲಿ, ಎರೆ ಆಳ. ಇನ್ನೊಂದು ದಿಬ್ಬದ ಮೇಲೆ, ಎರೆ ತೆಳು. ತೇವ ಬೇಗ ಆರುವುದರಿಂದ ಮೇಲಿನ ಹೊಲದ ತೆನೆ ನಾಲ್ಕೈದು ದಿನ ಮೊದಲೇ ಬಲಿಯುತ್ತದೆ. ಹೀಗಾಗಿ ಆ ಮನೆಯಲ್ಲಿ ಸೀತನಿ ಎರಡು ಸಲ ಬರುತ್ತದೆ. ಇದನ್ನು ಅವರು ಹೇಳುವಾಗ ದೇವರು ತಮಗೊಬ್ಬರಿಗೇ ಕೊಟ್ಟ ವರದಂತೆ ಹೇಳುತ್ತಾರೆ.

ಹೊಲದ ತುಂಬ ಇರುವುದು ಹೆಚ್ಚಾಗಿ ಮಾಲದಂಡಿ. ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಈ ತಳಿಯನ್ನು ರೊಟ್ಟಿಯ ರುಚಿಗಾಗಿಯೇ ಇವತ್ತಿಗೂ ರೈತರು ಬಿಟ್ಟುಕೊಟ್ಟಿಲ್ಲ. ಆದರೆ ಮಾವ ಬದುವಿನ ಬದಿಗೆ ಬೇರೆ ಎರಡು ಸಾಲು ಹಾಕುತ್ತಾರೆ. ಅದರ ಹೆಸರು ಸಕ್ಕರಿ ಮುಕ್ಕರಿ. ಹೆಸರು ಬಾಯಲ್ಲಿ ಆಡಿದರೇ ಅರ್ಧ ರುಚಿ ಬಂದಂತಾಗುತ್ತದೆ. ಇದು ಸೀತನಿಗೆಂದೇ ಇರುವ ಜೋಳ. ಪಂಚಮಿಗೆ ಅಳ್ಳು ಹುರಿಯುವುದಕ್ಕೆ ಅಳ್ಳಿನ ಜೋಳವೇ ಬೇರೆ, ಕಡುಬಿಗೆ ಕಡುಬಿನ ಜೋಳವೇ ಬೇರೆ. ಒಂದೊಂದು ಹಬ್ಬಕ್ಕೆ, ಒಂದೊಂದು ಅಡುಗೆಗೆ ಒಂದೊಂದು ಜೋಳವನ್ನು ಗುರುತಿಟ್ಟು, ಮುಂದಿನ ವರ್ಷಕ್ಕೆ ಬೀಜದ ತೆನೆಯನ್ನು ಜಂತಿಗೆ ಕಟ್ಟಿ ಉಳಿಸಿದ ಜನರ ನಾಲಿಗೆ ಎಷ್ಟು ಸೂಕ್ಷ್ಮವಾಗಿರಬೇಕು! ಬಡ ಸೀಮೆ, ಒರಟು ಊಟ ಎಂದು ಇವರ ಬಗ್ಗೆ ಯಾರಾದರೂ ಅಂದಾಗಲೆಲ್ಲ ನನಗೆ ಆ ಬದುವಿನ ಎರಡು ಸಾಲು ನೆನಪಾಗುತ್ತವೆ.

ಅಷ್ಟು ಹೊತ್ತಿಗೆ ಅತ್ತೆ ಬುಟ್ಟಿ ಹೊತ್ತು ಬಂದಿದ್ದರು. ಬೇವಿನ ಗಿಡದ ಬುಡದಲ್ಲಿ ಮಾವ ಗೇಣಾಳದ ಸಣ್ಣ ಕುಣಿ ತೋಡಿದರು. ಕುಣಿಯಲ್ಲಿ ಕುಳ್ಳು ಒಟ್ಟಿ, ಒಣ ಕಣಕಿ ತುರುಕಿ ಬೆಂಕಿ ಹಚ್ಚಿದರು. ಉರಿ ಏಳುವಾಗ ತೆನೆ ಹಾಕಬಾರದು. ಉರಿಗೆ ಕಾಳು ಕಪ್ಪಾಗುತ್ತದೆಯೇ ಹೊರತು ಬೇಯುವುದಿಲ್ಲ. ಹೊಗೆ ಕಡಿಮೆಯಾಗಿ, ಕುಳ್ಳು ಕೆಂಪಗೆ ಕೂತು, ಮೇಲೆ ಬೂದಿಯ ತೆಳು ಪೊರೆ ಬರುವವರೆಗೆ ಕಾಯಬೇಕು. ಕಾಯುವ ಹೊತ್ತಿಗೇ ಮಾತು. ಯಾರ ಮನೆಯ ಎತ್ತು ಮಾರಾಟವಾಯಿತು, ಯಾರ ಮಗಳನ್ನು ನೋಡಲು ಎಲ್ಲಿಂದ ಬಂದಿದ್ದರು, ಯಾವ ಹೊಲಕ್ಕೆ ಗಿಳಿಗಳ ಹಿಂಡು ಬಿದ್ದಿದೆ.

ಆಮೇಲೆ ದಂಟು ಕೈಯಲ್ಲಿ ಹಿಡಿದು ಐದಾರು ತೆನೆಗಳನ್ನು ಕೆಂಡಕ್ಕೆ ಒಡ್ಡಿದರು. ಚಿಟಪಟ ಎಂದಿತು. ಮಾವ ದಂಟನ್ನು ಬೆರಳ ನಡುವೆ ಹೊರಳಿಸುತ್ತಲೇ ಇದ್ದರು. ಮೊದಲು ಬಂದ ವಾಸನೆ ಹಸಿ ಹುಲ್ಲು ಸುಟ್ಟದ್ದು. ಅದರ ಹಿಂದೆಯೇ ಹಾಲು ಉಕ್ಕಿ ಒಲೆಗೆ ಬಿದ್ದಾಗ ಬರುವಂಥ ಸಿಹಿ ಕಮಟು. ಆ ಎರಡನೆಯ ವಾಸನೆ ಬಂದ ಕೂಡಲೇ ತೆನೆಯನ್ನು ಕೆಂಡದಿಂದ ಎತ್ತಿ ಅತ್ತೆಯ ಮುಂದಿದ್ದ ಗೋಣಿತಟ್ಟಿನ ಮೇಲೆ ಎಸೆದರು. ಬಿಸಿ ಇರುವಾಗಲೇ ಉಜ್ಜಬೇಕು, ಆರಿದರೆ ಕಾಳು ತೆನೆ ಬಿಡುವುದಿಲ್ಲ. ಅತ್ತೆ ಎರಡು ಅಂಗೈ ನಡುವೆ ತೆನೆಯನ್ನು ಹಿಡಿದು ಕಡೆಗೋಲು ತಿರುಗಿಸಿದ ಹಾಗೆ ಉಜ್ಜಿದರು. ಕಾಳು ಉದುರಿದವು. ಮೊರಕ್ಕೆ ಹಾಕಿ ಒಂದು ಸಲ ಕೇರಿದರು, ಉಳಿದ ಹೊಟ್ಟನ್ನು ಬಾಯಿಂದ ಊದಿದರು. ನಾನೂ ಒಂದು ತೆನೆ ಉಜ್ಜಲು ಹೋಗಿ ಅಂಗೈ ಸುಟ್ಟುಕೊಂಡೆ. "ನಿನ್ನ ಕೈ ಪೇಟಿ ಕೈ ಆಗ್ಯಾವ ಬಿಡವ್ವಾ, ಕುಂತ ತಿನ್ನು," ಎಂದು ಅತ್ತೆ ಬೊಗಸೆ ತುಂಬ ಸುರಿದರು.

ಎಳೆ ಹಸಿರು ಕಾಳು, ಅಲ್ಲಲ್ಲಿ ಮಸಿ. ಹಲ್ಲಿಗೆ ಸಿಕ್ಕಾಗ ಸಿಪ್ಪೆ ಒಂದು ಕ್ಷಣ ತಡೆಯುತ್ತದೆ, ಆಮೇಲೆ ಒಳಗಿನದು ಬೆಣ್ಣೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಸಿಹಿ ಇದೆ. ಆದರೆ ಕಬ್ಬಿನ ಸಿಹಿಯ ಹಾಗೆ ಮೊದಲೇ ಬಂದು ನಾಲಿಗೆಯ ಮೇಲೆ ಕೂರುವುದಲ್ಲ. ಜಗಿಯುತ್ತ ಜಗಿಯುತ್ತ, ಹೊಗೆಯ ವಾಸನೆಯ ಕೆಳಗಿನಿಂದ ನಿಧಾನ ಮೇಲೆ ಬರುತ್ತದೆ. ಮೊದಲ ಬೊಗಸೆಯನ್ನು ಏನೂ ಬೆರೆಸದೆ ತಿನ್ನಬೇಕು, ಇದು ನನ್ನ ಪಟ್ಟು. ಎರಡನೆಯದಕ್ಕೆ ಶೇಂಗಾ ಹಿಂಡಿ ಇರಲಿ, ಬಳ್ಳೊಳ್ಳಿ ಖಾರ ಇರಲಿ. ಮೂರನೆಯದಕ್ಕೆ ಬೆಲ್ಲ ಮತ್ತು ಒಣಕೊಬ್ಬರಿ. ಕಡೆಗೆ ಗಟ್ಟಿ ಮೊಸರಲ್ಲಿ ಕಲಸಿಕೊಂಡು ಒಂದಿಷ್ಟು. ಸೀತನಿಯ ಮೇಲೆ ನೀರು ಕುಡಿಯಬಾರದು, ಮಜ್ಜಿಗೆಯೇ ಕುಡಿಯಬೇಕೆಂಬುದು ಅತ್ತೆಯ ಕಟ್ಟಳೆ. ಮಗುವಾಗಿದ್ದಾಗಿನಿಂದ ನಾನು ಅದನ್ನು ಮೀರಿಲ್ಲ.

ದಾರಿಯಲ್ಲಿ ಹೋಗುತ್ತಿದ್ದ ಕುರಿ ಕಾಯುವ ಹುಡುಗನನ್ನು ಮಾವ ಕೂಗಿ ಕರೆದರು. ಸೈಕಲ್ಲಿನಲ್ಲಿ ಹೊರಟಿದ್ದ ಶಾಲೆಯ ಮಾಸ್ತರರು ಕರೆಯುವ ಮೊದಲೇ ಇಳಿದರು. ಪಕ್ಕದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಕಾಯುತ್ತಿದ್ದ ಅಜ್ಜ ಕವಣೆಯನ್ನು ಹೆಗಲಿಗೆ ಹಾಕಿಕೊಂಡೇ ಬಂದ. ಯಾರನ್ನೂ ಯಾರೂ ಯಾಕೆ ಬಂದಿರಿ ಎಂದು ಕೇಳಲಿಲ್ಲ. ಸೀತನಿಯ ಕುಣಿಯಿಂದ ಹೊಗೆ ಎದ್ದರೆ ಅದೇ ಕರೆ. ಜೋಳವನ್ನು ತೂಗಿ ಮಾರುವ ಇದೇ ಕೈಗಳು ಎಳೆ ತೆನೆಯನ್ನು ತೂಗಿದ್ದನ್ನು ನಾನು ಆ ಊರಲ್ಲಿ ನೋಡಿಲ್ಲ. ಬಲಿತ ಮೇಲೆ ಜೋಳ ಮನೆಯದು, ಪೇಟೆಯದು, ಸಾಲ ಕೊಟ್ಟವನದು. ಎಳೆಯದಿರುವಾಗ ಮಾತ್ರ ಅದು ದಾರಿಹೋಕರದ್ದೂ ಹೌದು. ಕಣದಲ್ಲಿ ರಾಶಿ ಬಿದ್ದಾಗ ಬಡಿಗ, ಕಮ್ಮಾರ, ಎಲ್ಲರಿಗೂ ಆಯ ಅಳೆದು ಕೊಡುವ ಪದ್ಧತಿಯಿತ್ತಲ್ಲ, ಅದು ಲೆಕ್ಕದ ಹಂಚಿಕೆ. ಇದಕ್ಕೆ ಲೆಕ್ಕವೂ ಇಲ್ಲ.

ಜೋಳದ ಪಕ್ಕದ ಪಟ್ಟಿಯಲ್ಲಿ ಕಡಲೆ. ಹೊಲದ ಅಂಚಿಗೆ ಕುಸುಬಿ, ಅದರ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಇದೇ ಬೆಂಕಿಗೆ ಹಸಿ ಕಡಲೆ ಗಿಡವನ್ನೇ ಒಡ್ಡಿ ಸುಲಗಾಯಿ ಸುಟ್ಟುಕೊಂಡು ತಿನ್ನುವುದುಂಟು. ಕಡಲೆ ಗಿಡದ ಮೈಮೇಲೆ ಸಣ್ಣ ಕೂದಲಿನಂಥವು ಹುಳಿ ಸೂಸುತ್ತವೆ. ಬೆಳಿಗ್ಗೆ ಆ ಹೊಲದಲ್ಲಿ ನಡೆದು ಬಂದರೆ ಕಾಲೆಲ್ಲ ಚುರುಚುರು. ಹಿಂದಿನವರು ರಾತ್ರಿ ತೆಳು ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ನಸುಕಿನಲ್ಲಿ ಇಬ್ಬನಿಯೊಂದಿಗೆ ಹುಳಿ ಹೀರಿಕೊಂಡ ಆ ಬಟ್ಟೆಯನ್ನು ಹಿಂಡಿ ಸೀಸೆಯಲ್ಲಿ ಇಡುತ್ತಿದ್ದರು. ಹೊಟ್ಟೆನೋವಿಗೆ ಎರಡು ಹನಿ. ನನ್ನ ಅಜ್ಜಿಯ ಗೂಡಿನಲ್ಲಿದ್ದ ಆ ಸೀಸೆಯ ಬಿರಡೆ ತೆಗೆದರೆ ಮೂಗಿನ ತುದಿಗೇ ಹುಳಿ ತಟ್ಟುತ್ತಿತ್ತು. ಇಬ್ಬನಿಯನ್ನೂ ಹಿಂಡಿ ಸೀಸೆಗೆ ತುಂಬಿಟ್ಟವರು ಅವರು.

ಕಾಳು ಬಲಿತ ಮೇಲಿನ ಜೋಳಕ್ಕೆ ಹಗೇವು ಇತ್ತು. ನೆಲದಲ್ಲಿ ಆಳವಾಗಿ ತೋಡಿ, ಕಣಕಿ ಹೊಟ್ಟು ಒತ್ತಾಗಿ ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮಣ್ಣು ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಇರುತ್ತಿತ್ತು. ತೆರೆದ ದಿನ ಯಾರೂ ತಕ್ಷಣ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಬೇಕು. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಮಾವನ ಮನೆಯ ಮುಂದಿನ ಹಗೇವು ಮುಚ್ಚಿಹೋಗಿ, ಮೇಲೆ ಈಗ ಟ್ರ್ಯಾಕ್ಟರ್ ನಿಲ್ಲುತ್ತದೆ. ಈ ಜಿಲ್ಲೆಯ ಹೆಣ್ಣುಮಕ್ಕಳು ನಸುಕಿಗೆ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳೂ ಈ ಜೋಳದ ಜೊತೆಗೇ ಹುಟ್ಟಿದವು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಹಲಸಂಗಿಯ ಗೆಳೆಯರು ಅವನ್ನು ಕಿವಿಗೊಟ್ಟು ಕೇಳಿ 'ಗರತಿಯ ಹಾಡು' ಎಂದು ಪುಸ್ತಕ ಮಾಡದೆ ಇದ್ದಿದ್ದರೆ ಗಿರಣಿಯ ಸದ್ದಿನಲ್ಲಿ ಎಷ್ಟು ಪದಗಳು ಕಳೆದುಹೋಗುತ್ತಿದ್ದವೋ.

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಕಾಲುವೆಯ ನೀರು ಬರುತ್ತ ಬರುತ್ತ ಎಷ್ಟೋ ಊರುಗಳಲ್ಲಿ ಜೋಳದ ಜಾಗಕ್ಕೆ ಕಬ್ಬು ಬಂದಿದೆ, ದ್ರಾಕ್ಷಿ, ದಾಳಿಂಬೆ, ನಿಂಬೆ ಬಂದಿವೆ. ಬರ ಕಂಡ ಜನ ನೀರನ್ನು ಅಪ್ಪಿಕೊಂಡರೆ ಅದರಲ್ಲಿ ತಪ್ಪು ಕಾಣುವ ಅಧಿಕಾರ, ಸೀತನಿಗೆಂದು ವರ್ಷಕ್ಕೊಮ್ಮೆ ಬಸ್ಸು ಹತ್ತಿ ಬರುವ ನನಗಿಲ್ಲ. ಆದರೂ ಮಾವನ ಪಕ್ಕದ ಇನ್ನೊಂದು ಹೊಲ ಕಬ್ಬಾದ ವರ್ಷ ನನ್ನ ಕರುಳು ಚುರುಕ್ ಎಂದದ್ದು ನಿಜ. ಅಟ್ಟ ಕಟ್ಟಿದ್ದ ಜಾಗ ಹೋಯಿತು, ಹಕ್ಕಿಗಳ ಹಿಂಡು ಉಳಿದ ಜೋಳದ ಹೊಲಗಳ ಮೇಲೇ ಬೀಳತೊಡಗಿತು. ನಾಲ್ಕು ಜನರ ಹೊಲ ಒಟ್ಟಿಗೆ ಜೋಳವಿದ್ದರೆ ಹಕ್ಕಿ ತಿಂದದ್ದು ಹಂಚಿಹೋಗುತ್ತದೆ. ಒಬ್ಬನೇ ಬಿತ್ತಿದರೆ ಎಲ್ಲ ಅವನ ತೆನೆಯೇ. "ಒಬ್ಬಾಂವ ಬೆಳಿಯೂ ಬೆಳಿ ಅಲ್ಲ ಇದು," ಎಂದು ಮಾವ ಆವತ್ತು ಹೇಳಿದರು.

ಹೊರಡುವ ದಿನ ಅವರು ಹತ್ತಿರದಲ್ಲಿದ್ದ ಹೊಲಕ್ಕೆ ಹೋಗಿ ಇಪ್ಪತ್ತು ತೆನೆ ಕೊಯ್ದು, ಒದ್ದೆ ಧೋತರದ ತುಂಡಿನಲ್ಲಿ ಸುತ್ತಿ ಕೊಟ್ಟರು. "ಅಕ್ಕಗ ಕೊಡು. ಅಕಿ ಬಾಯಿಗೆ ಇದು ಬಿದ್ದು ಮೂರ ವರ್ಷ ಆತು." ಅವ್ವನಿಗೆ ಮೊಣಕಾಲು ನೋವು, ಬಸ್ಸಿನ ದಾರಿ ಆಗುವುದಿಲ್ಲ. ರಾತ್ರಿಯಿಡೀ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬೆಂಗಳೂರಿಗೆ ಬಂದೆ.

ಗ್ಯಾಸಿನ ಉರಿ ಸಣ್ಣದು ಮಾಡಿ ಸುಡೋಣವೆಂದರೆ ಅವ್ವ ತಡೆದಳು. ಒಂದು ತೆನೆ ಎತ್ತಿಕೊಂಡು, ನಡುವಿನ ಕಾಳೊಂದಕ್ಕೆ ಉಗುರು ಊರಿದಳು. ಅರ್ಧ ಇಳಿದು ನಿಂತಿತು. ಉಗುರಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಕಿಟಕಿಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಕೂತಳು.

"ಮ್ಯಾಲಿನ ಹೊಲದ್ದು ಕೊಟ್ಟಾನ ನಿಮ್ಮ ಮಾಮಾ," ಅಂದಳು. "ತಗ್ಗಿನ ಹೊಲದ್ದು ಇಷ್ಟ ಲಗೂ ಬಲಿಯೂದಿಲ್ಲ. ಅದು ಬರಲಿಕ್ಕೆ ಇನ್ನಾ ನಾಕ ದಿನಾ ಐತಿ."