ಓದಿ ಕಳಿಸಿ, ಹೆಸರು ಹೇಳಿ ಕಳಿಸಿ

ಹೋದ ವಾರ ಶಿವಮೊಗ್ಗದ ಗೆಳೆಯನೊಬ್ಬನಿಗೆ ವಾಟ್ಸಾಪಿನಲ್ಲಿ ಎರಡು ಹಾಡು ಕಳಿಸಿದೆ. ಮೊದಲನೆಯದು 1930ರ ದಶಕದ ಗ್ರಾಮಫೋನ್ ಪ್ಲೇಟಿನದು. ಮೂರು ನಿಮಿಷದ ಆಸುಪಾಸು; ಎಳೆಯ ಹೆಣ್ಣುದನಿ, ಮೇಲಿನ ಷಡ್ಜದ ಸುತ್ತ ಸಲೀಸಾಗಿ ಓಡಾಡುವ ಚುರುಕು ತಾನಗಳು. ಎರಡನೆಯದು ಅದಕ್ಕಿಂತ ಎಷ್ಟೋ ವರ್ಷ ಈಚಿನ ಕಛೇರಿಯ ತುಣುಕು. ವಿಲಂಬಿತ ಖಯಾಲು, ಗಂಡೋ ಹೆಣ್ಣೋ ಎಂದು ಮೊದಲ ಬಾರಿ ಕೇಳುವವರು ತಡವರಿಸುವಂಥ ತುಂಬು ಕಂಠ, ಸ್ವರದಿಂದ ಸ್ವರಕ್ಕೆ ಅವಸರವೇ ಇಲ್ಲದ ನಡೆ. ಹಾಡಿದವರ ಹೆಸರನ್ನು ಬೇಕೆಂದೇ ಬರೆಯಲಿಲ್ಲ. ‘ಇಯರ್‌ಫೋನ್ ಹಾಕಿಕೊಂಡು ಎರಡನ್ನೂ ಕೇಳು, ಯಾರೆಂದು ಆಮೇಲೆ ಹೇಳುತ್ತೇನೆ’ ಎಂದಷ್ಟೇ ಬರೆದೆ.

ರಾತ್ರಿ ಊಟದ ಹೊತ್ತಿಗೆ ಅವನ ಫೋನು ಬಂತು. ‘ಮೊದಲನೇದು ಯಾರೋ ಹುಡುಗಿ. ಎರಡನೇದು ಗಂಗೂಬಾಯಿ ಹಾನಗಲ್ ಅಲ್ವಾ?’ ಎರಡೂ ಅವರೇ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ‘ಸುಮ್ನಿರು ಮಾರಾಯಾ’ ಎಂದವನು ಇನ್ನೊಮ್ಮೆ ಕೇಳುವುದಕ್ಕೆಂದು ಫೋನಿಟ್ಟ.

ಆಮೇಲೆ ಉಳಿದ ಕಥೆ ಬರೆದು ಕಳಿಸಿದೆ. 1913ರಲ್ಲಿ ಹುಟ್ಟಿದ ಗಂಗೂಬಾಯಿಯವರ ಮೊದಮೊದಲ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಮುಂದೆ ಗಂಟಲಿಗೆ ಚಿಕಿತ್ಸೆಯಾಯಿತು, ದನಿ ಒಡೆದು ಕೆಳಗಿಳಿಯಿತು. ಹಾಡುವವರ ಬದುಕು ಅಲ್ಲಿಗೇ ಮುಗಿಯಬಹುದಿತ್ತು. ಅವರು ಆ ಹೊಸ ದನಿಯನ್ನೇ ಒಪ್ಪಿಕೊಂಡರು. ಕುಂದಗೋಳದಲ್ಲಿ ಸವಾಯಿ ಗಂಧರ್ವರಿಂದ ಕಲಿತ ಕಿರಾನಾ ಗಾಯಕಿಯನ್ನು, ಒಂದೊಂದೇ ಸ್ವರವನ್ನು ನಿಧಾನವಾಗಿ ಬಿಡಿಸುವ ಆ ಕ್ರಮವನ್ನು, ಅದರಲ್ಲಿ ಕೂಡಿಸಿದರು. ಇಷ್ಟು ತಿಳಿದ ಮೇಲೆ ಎರಡನೆಯ ತುಣುಕು ಬೇರೆಯೇ ಆಗಿ ಕೇಳಿಸುತ್ತದೆ. ನನ್ನ ಗೆಳೆಯನಿಗೂ ಹಾಗೇ ಆಯಿತು.

ಇದೇ ಎರಡು ಹಾಡನ್ನು ನಾನು ಇನ್ನೂರು ಜನರ ಗುಂಪಿಗೆ ಹಾಕಿದ್ದರೆ ಏನಾಗುತ್ತಿತ್ತು? ಕೈಮುಗಿದ ಚಿತ್ರಗಳು ನಾಲ್ಕಾರು ಬರುತ್ತಿದ್ದವು. ಕೇಳಿದವರು ಯಾರು, ಕೇಳದೆ ಕೈಮುಗಿದವರು ಯಾರು ಎಂದು ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಮೇಲಿಂದ ಇನ್ನೊಂದು ಫಾರ್ವರ್ಡ್ ಬಂದು ಗಂಗೂಬಾಯಿ ಕೆಳಗೆ ಸರಿದುಬಿಡುತ್ತಿದ್ದರು. ವದಂತಿಗಳ ಹಾವಳಿ ಹೆಚ್ಚಿದ 2018ರಲ್ಲಿ ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ಹಾಕಿತು. ಹಾಡು ಮತ್ತು ಕವಿತೆಯ ಮಟ್ಟಿಗೆ ನಾನು ಹಾಕಿಕೊಂಡಿರುವ ಮಿತಿ ಅದಕ್ಕಿಂತ ಬಿಗಿ: ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ. ಯಾರಿಗೆ ಎಂದು ಯೋಚಿಸುವಲ್ಲೇ ಅರ್ಧ ರಸಿಕತೆ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಿಂದೂಸ್ತಾನಿ ಸಂಗೀತ ಎಂದರೆ ಹೆದರುವ ಗೆಳತಿಗೆ ಮೊದಲೇ ಐವತ್ತು ನಿಮಿಷದ ಖಯಾಲು ಕಳಿಸಬಾರದು. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅಕ್ಕಮಹಾದೇವಿಯ ವಚನವನ್ನೋ ಭೀಮಸೇನ ಜೋಶಿಯವರ ‘ದಾಸವಾಣಿ’ಯ ಒಂದು ಪದವನ್ನೋ ಕಳಿಸಬೇಕು. ಮಾತು ಕನ್ನಡದ್ದು, ಆದ್ದರಿಂದ ಭಯವಿಲ್ಲ. ಮಾತಿನ ಬೆನ್ನು ಹತ್ತಿ ಹೋದವರು ತಮಗೆ ಗೊತ್ತಿಲ್ಲದಂತೆ ರಾಗದೊಳಗೆ ನಿಂತಿರುತ್ತಾರೆ. ಅದಾದ ಮೇಲೆ ಹಳೆಯ ಪ್ಲೇಟುಗಳು. ಒಂದು ಮಗ್ಗುಲಿಗೆ ಸಿಗುತ್ತಿದ್ದ ಮೂರು ಚಿಲ್ಲರೆ ನಿಮಿಷದಲ್ಲಿ ಇಡೀ ರಾಗದ ಮುಖ ತೋರಿಸಬೇಕಾಗಿದ್ದ ಕಾಲ ಅದು, ಹಾಗಾಗಿ ಅಲ್ಲಿ ಒಂದು ಸ್ವರವೂ ವ್ಯರ್ಥವಾಗಿಲ್ಲ. ಐವತ್ತು ನಿಮಿಷದ್ದನ್ನು ಅವರೇ ಕೇಳಿ ತರಿಸಿಕೊಳ್ಳುವ ದಿನ ತಾನಾಗಿ ಬರುತ್ತದೆ.

ಹೀಗೆ ಕಳಿಸುವುದಕ್ಕೆ ಮಾದರಿಯನ್ನು ನಾವು ಹೊರಗೆಲ್ಲೂ ಹುಡುಕಬೇಕಿಲ್ಲ. ಕನ್ನಡದಲ್ಲಿ ಗಮಕವಿದೆ. ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅದನ್ನು ಬಿಡಿಸಿ ಹೇಳುತ್ತಾರೆ. ವಾಚನ, ವ್ಯಾಖ್ಯಾನ. ಶಿವಮೊಗ್ಗದ ಹತ್ತಿರ ತುಂಗೆಯ ದಡದ ಹೊಸಹಳ್ಳಿ, ಮತ್ತೂರು ಈ ಕಲೆಗೆ ಹೆಸರಾದ ಜೋಡಿ ಊರುಗಳು. 2022ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಕೊನೆಗೆ ತೀರಿಕೊಂಡ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರ ವಾಚನಕ್ಕೆ, ಲಂಡನ್ನಿನ ಭಾರತೀಯ ವಿದ್ಯಾಭವನವನ್ನು ಬಹುಕಾಲ ನಡೆಸಿದ ಮತ್ತೂರು ಕೃಷ್ಣಮೂರ್ತಿಯವರ ವ್ಯಾಖ್ಯಾನ ಕೂಡಿದ ಕುಮಾರವ್ಯಾಸ ಭಾರತವನ್ನು ಕೇಳಿದವರಿಗೆ ನಾನು ಹೇಳುತ್ತಿರುವುದು ತಟ್ಟನೆ ತಿಳಿಯುತ್ತದೆ. ವಾಚನ ಮುಗಿಯುವಾಗ ಅರ್ಥ ಅರೆಬರೆ ಹೊಳೆದಿರುತ್ತದೆ. ವ್ಯಾಖ್ಯಾನ ಅದನ್ನು ಪೂರ್ತಿ ಮಾಡುತ್ತದೆ, ಮತ್ತೆ ಅದೇ ಷಟ್ಪದಿಯನ್ನು ಕೇಳಬೇಕೆನಿಸುತ್ತದೆ. ನಾವು ಗೆಳೆಯರಿಗೆ ಕವಿತೆ ಕಳಿಸುವಾಗ ಸಾಮಾನ್ಯವಾಗಿ ಬಿಟ್ಟುಬಿಡುವುದು ಈ ಎರಡನೆಯ ಭಾಗವನ್ನೇ. ಎರಡು ವಾಕ್ಯ ಸಾಕು. ‘ಇದರ ನಡುವಿನ ನುಡಿಯಲ್ಲಿ ಲಯ ಒಮ್ಮೆಲೇ ನಿಧಾನವಾಗುತ್ತದೆ, ಅಲ್ಲಿ ನೋಡು’ ಎಂದರೂ ಆಯಿತು. ‘ಚೆನ್ನಾಗಿದೆ’ ಎಂದು ಬರೆಯುವುದಕ್ಕಿಂತ ಎಲ್ಲಿ ಚೆನ್ನಾಗಿದೆ ಎಂದು ಬರೆಯುವುದು ಮೇಲು.

ಮೊದಲನೆಯ ಭಾಗದ ಬಗ್ಗೆ ಇನ್ನೂ ಒಂದು ಮಾತು. ಕವಿತೆಯನ್ನು ಚಿತ್ರವಾಗಿ, ಹಿನ್ನೆಲೆಯಲ್ಲಿ ಸೂರ್ಯಾಸ್ತವೋ ಗುಲಾಬಿಯೋ ಇಟ್ಟು ಕಳಿಸುವವರು ಬಹಳ. ಅದನ್ನು ಬಿಟ್ಟು ನಿಮ್ಮದೇ ದನಿಯಲ್ಲಿ ಓದಿ ವಾಯ್ಸ್ ಮೆಸೇಜ್ ಕಳಿಸಿ. ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಸಾಗುವ ನಡೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ. ಮೂರನೆಯ ಸಾಲು ಉದ್ದವಾಗಿ ಹರಿದು ಕೊನೆಯ ಗುರುವಿನ ಮೇಲೆ ನಿಂತಾಗ ಸಿಗುವ ಸುಖ ಮುದ್ರಿತ ಪುಟದಲ್ಲಿ ಅರ್ಧಕ್ಕರ್ಧ ಕಳೆದುಹೋಗಿರುತ್ತದೆ.

ಬೇಂದ್ರೆಯವರ ವಿಷಯದಲ್ಲಂತೂ ಇದು ಇನ್ನೂ ನಿಜ. ಮೈಸೂರು ಸೀಮೆಯಲ್ಲಿ ಬೆಳೆದ ನನ್ನ ಗೆಳತಿಯೊಬ್ಬಳು ಬೇಂದ್ರೆ ಕಷ್ಟ, ಅರ್ಥವಾಗುವುದಿಲ್ಲ ಎನ್ನುತ್ತಿದ್ದಳು. ಧಾರವಾಡದಲ್ಲಿರುವ ನಮ್ಮ ಮೌಶಿಗೆ ಫೋನು ಮಾಡಿ, ‘ಒಂದು ಪದ್ಯ ಓದಿ ಕಳಿಸ್ತೀರೇನು?’ ಎಂದು ಕೇಳಿದೆ. ‘ಓದೂದೇನ, ಅಂದೇ ತೋರಸ್ತೀನಿ ತಗೋ’ ಎಂದವರು ಪುಸ್ತಕವನ್ನೇ ಮುಟ್ಟದೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಅಂದರು. ಹಿಂದೆ ಕುಕ್ಕರಿನ ಸೀಟಿಯೂ ಇತ್ತು. ಆ ಎರಡು ನಿಮಿಷದಲ್ಲಿ ಗೆಳತಿಗೆ ಆದದ್ದು ನಿಘಂಟಿನಿಂದ ಆಗುವಂಥದ್ದಲ್ಲ. ಪ್ರಶ್ನೆ ಎಲ್ಲಿ, ಮುನಿಸೆಲ್ಲಿ, ಚೇಷ್ಟೆ ಎಲ್ಲಿ ಎಂಬುದು ಮೌಶಿಯ ದನಿಯ ಏರಿಳಿತದಲ್ಲೇ ಇತ್ತು. ಅಂದಿನಿಂದ ಅವರಿಬ್ಬರ ನಡುವೆ ನೇರವಾಗಿ ಪದ್ಯಗಳು ಓಡಾಡುತ್ತಿವೆ, ಇವಳು ಕೆ.ಎಸ್. ನರಸಿಂಹಸ್ವಾಮಿಯವರನ್ನು ಓದಿ ಕಳಿಸುತ್ತಾಳೆ, ಅವರು ಬೇಂದ್ರೆ ಮತ್ತು ಬೀಸುವ ಪದ. ಹಾಗೆ ನೋಡಿದರೆ ಬೇಂದ್ರೆಯವರೇ ಧಾರವಾಡದಲ್ಲಿ ಕಟ್ಟಿದ ‘ಗೆಳೆಯರ ಗುಂಪು’ ಬೆಳೆದದ್ದೂ ಹೀಗೆ ಒಬ್ಬರು ಓದಿ ಇನ್ನೊಬ್ಬರು ಕೇಳಿಯೇ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಸ್ನೇಹಿತರು ಹೆಣ್ಣುಮಕ್ಕಳ ಬಾಯಲ್ಲಿ ಕೇಳಿದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತರದಿದ್ದರೆ ನಮ್ಮ ಮೌಶಿಯಂಥವರ ಎಷ್ಟು ಹಾಡುಗಳು ಅವರೊಂದಿಗೇ ಹೋಗಿಬಿಡುತ್ತಿದ್ದವೋ. ನಿಮ್ಮ ಮನೆಯ ಹಿರಿಯರು ಅಂದು ಕಳಿಸಿದ ಪದಗಳನ್ನು ಫೋನಿನಲ್ಲೇ ಬಿಡಬೇಡಿ, ಯಾರ ದನಿ, ಯಾವ ಊರು ಎಂದು ಹೆಸರು ಕೊಟ್ಟು ಬೇರೆ ಕಡೆ ಇಳಿಸಿಟ್ಟುಕೊಳ್ಳಿ.

ಹೆಸರಿನ ವಿಷಯಕ್ಕೆ ಬಂದೆ. ಈ ಒಂದರಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ಗಂಗೂಬಾಯಿಯವರ ಹೆಸರನ್ನು ನಾನು ಒಂದು ಸಂಜೆಯ ಮಟ್ಟಿಗೆ ಮುಚ್ಚಿಟ್ಟದ್ದು ಅದು ಇನ್ನಷ್ಟು ಬೆಲೆಯಿಂದ ಕೈಸೇರಲಿ ಎಂದು. ಹೆಸರನ್ನೇ ಅಳಿಸಿ ಕಳಿಸುವುದು, ತಪ್ಪು ಹೆಸರು ಅಂಟಿಸಿ ಕಳಿಸುವುದು ಬೇರೆ ಮಾತು. ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಬಂದ ಪುಸ್ತಕ, ಅದರಲ್ಲಿರುವುದು 945 ಪದ್ಯ. ಆದರೆ ಕೊನೆಗೆ ‘ಮಂಕುತಿಮ್ಮ’ ಎಂದಿದ್ದರೆ ಸಾಕು, ಯಾರು ಬರೆದದ್ದೇ ಆಗಲಿ, ಡಿವಿಜಿಯವರ ಚಿತ್ರದ ಜೊತೆ ಬೆಳಗಿನ ಶುಭೋದಯವಾಗಿ ಓಡಾಡುತ್ತದೆ. ಪ್ರಾಸ ತಪ್ಪಿದ, ಲಯ ಕುಂಟುವ ಸಾಲುಗಳನ್ನು ಡಿವಿಜಿ ಬರೆದರು ಎಂದು ಹುಡುಗರು ನಂಬಿದರೆ ಅದು ಕವಿಗೆ ಮಾಡುವ ಅನ್ಯಾಯ. ಬಸವಣ್ಣನವರ ಅಂಕಿತ ಹೊತ್ತ ಹೊಸ ‘ವಚನ’ಗಳೂ ಇದೇ ದಾರಿಯಲ್ಲಿವೆ. ಪುಸ್ತಕ ತೆಗೆದು ನೋಡುವುದು ಒಂದು ನಿಮಿಷದ ಕೆಲಸ. ಪುಸ್ತಕವಿಲ್ಲದವರಿಗೆ ಅಂತರ್ಜಾಲದಲ್ಲಿ ‘ವಚನ ಸಂಚಯ’ವಿದೆ, ಒಂದು ಪದ ಕೊಟ್ಟರೆ ಅದಿರುವ ವಚನಗಳು ಬರುತ್ತವೆ. ಸಿಗದಿದ್ದರೆ ಕಳಿಸಬೇಡಿ.

ಹಾಡಿನಲ್ಲಿ ಹೆಸರು ಇನ್ನೂ ಹೆಚ್ಚು ಕಳೆದುಹೋಗುತ್ತದೆ. ಭಾವಗೀತೆ ಎಂದರೆ ಮೂವರ ಕೆಲಸ: ಕವಿ, ರಾಗ ಸಂಯೋಜಕ, ಗಾಯಕ. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ, 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದಾಗ ಆ ಹೆಸರುಗಳೆಲ್ಲ ಡಬ್ಬಿಯ ಮೇಲಿದ್ದವು. ಹಾಡನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡವರೂ ಒಳಗಿನ ಕಾರ್ಡಿನಲ್ಲಿ ಪೆನ್ನಿನಿಂದ ಹೆಸರು ಬರೆಯುತ್ತಿದ್ದರು. ಈಗ ‘ಆಡಿಯೊ 0047’ ಎಂದು ಬರುತ್ತದೆ. ಯಾರ ರಾಗ ಎಂಬುದು ಸಣ್ಣ ವಿಷಯವೆಂದು ಯಾರಾದರೂ ಹೇಳಿದರೆ ನಮ್ಮ ನಾಡಗೀತೆಯನ್ನು ನೆನಪಿಸಿ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರ ಧಾಟಿಯೋ ಎಂಬ ಚರ್ಚೆ ಮಾತ್ರ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ನಿಗದಿ ಮಾಡಿತು, ವಿಷಯ ಹೈಕೋರ್ಟಿಗೂ ಹೋಯಿತು. ಈ ಎರಡು ಧಾಟಿಗಳನ್ನು ಒಟ್ಟಿಗೆ ಗೆಳೆಯರೊಬ್ಬರಿಗೆ ಕಳಿಸಿ ನೋಡಿ. ಒಂದೇ ಕವಿತೆ ಅನಂತಸ್ವಾಮಿಯವರಲ್ಲಿ ಕೂಡಿ ಹಾಡುವ ಪ್ರಾರ್ಥನೆಯಾಗಿ ನಡೆಯುತ್ತದೆ, ಅಶ್ವತ್ಥರಲ್ಲಿ ಎದೆ ತೆರೆದು ಕೂಗುತ್ತದೆ. ಶಾಲೆಯ ಅಂಗಳಕ್ಕೆ ಮೊದಲನೆಯದು, ಕಛೇರಿಯ ವೇದಿಕೆಗೆ ಎರಡನೆಯದು ಎಂಬುದು ನನ್ನ ತೀರ್ಮಾನ. ಒಪ್ಪದ ಗೆಳೆಯರು ಬಹಳ ಇದ್ದಾರೆ, ಅವರೊಂದಿಗಿನ ಜಗಳ ನನಗೆ ಇಷ್ಟ.

ಕಳಿಸದೆ ಇರುವುದೂ ಗೊತ್ತಿರಬೇಕು. ಮಗುವನ್ನು ಕಳೆದುಕೊಂಡ ತಂದೆಯಾಗಿ ಬೇಂದ್ರೆ ಬರೆದ ಕವಿತೆ ಕನ್ನಡದ ಅತಿ ದೊಡ್ಡ ಶೋಕಗೀತೆಗಳಲ್ಲಿ ಒಂದು. ಪರಿಚಿತರ ಮನೆಯಲ್ಲಿ ಅಂಥ ಸಾವಾದ ಮರುದಿನವೇ ಯಾರೋ ಅದರ ಹಾಡನ್ನು ಅವರಿಗೆ ಕಳಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಆ ಹೊತ್ತಿನಲ್ಲಿ ಅವರಿಗೆ ಬೇಕಾದದ್ದು ಮನೆಗೆ ಬಂದು ಕೂರುವ ಜನ. ಎಷ್ಟೋ ತಿಂಗಳ ನಂತರ ಆ ತಾಯಿಯೇ ಆ ಕವಿತೆಯನ್ನು ಹುಡುಕಿಕೊಡಲು ನನ್ನನ್ನು ಕೇಳಿದರು. ಆಗ ಹಾಡು ಕಳಿಸಲಿಲ್ಲ. ಪುಸ್ತಕ ತೆಗೆದುಕೊಂಡು ಹೋಗಿ ಕೊಟ್ಟೆ.

ಇನ್ನು ಎರಡು ಸಣ್ಣ ವಿಷಯ. ಮೊಬೈಲಿನ ಪುಟ್ಟ ಸ್ಪೀಕರಿಗೆ ಮಂದ್ರಸ್ವರ ಹೊರಡಿಸುವ ಶಕ್ತಿಯಿಲ್ಲ, ತಂಬೂರಿಯ ಖರ್ಜ ಅದರಲ್ಲಿ ಕೇಳುವುದೇ ಇಲ್ಲ. ಸಂಗೀತ ಕಳಿಸುವಾಗ ಇಯರ್‌ಫೋನ್ ಹಾಕಿಕೊಳ್ಳಿ ಎಂದು ತಪ್ಪದೆ ಬರೆಯಿರಿ. ಹಾಡುತ್ತಿರುವ ಸ್ಪೀಕರಿನ ಮುಂದೆ ಫೋನು ಹಿಡಿದು ವಾಯ್ಸ್ ಮೆಸೇಜ್ ಮಾಡಬೇಡಿ, ಅದು ಮಾತಿಗೆ ಮಾಡಿದ್ದು, ಸಂಗೀತವನ್ನು ಹಿಂಡಿಬಿಡುತ್ತದೆ. ಇನ್ನೊಂದು ಹಕ್ಕಿನ ಮಾತು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮರುವರ್ಷದಿಂದ 60 ವರ್ಷ. ಹಳೆಯ 78 ಆರ್‌ಪಿಎಂ ಪ್ಲೇಟುಗಳಲ್ಲಿ ಬಹುಪಾಲು ಆ ಅವಧಿ ದಾಟಿವೆ, ಅಂಥವನ್ನು ಧಾರಾಳವಾಗಿ ಕಳಿಸಬಹುದು. ಈಗಿನ ಗಾಯಕರದ್ದಾದರೆ ಫೈಲು ಕಳಿಸದೆ ಅವರದೇ ಚಾನೆಲ್ಲಿನ ಕೊಂಡಿ ಕಳಿಸಿ. ಕೇಳುವವರ ಲೆಕ್ಕ ಅವರಿಗೆ ಸಿಗುತ್ತದೆ, ಮುಂದಿನ ಹಾಡಿಗೆ ಆಸರೆಯಾಗುತ್ತದೆ.

ಈ ವಾರ ಓದುಗರಲ್ಲಿ ಒಂದು ಕೋರಿಕೆ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ತನ್ನ ರಥಕ್ಕೆ ಕರೆದು, ಅವನ ಹುಟ್ಟಿನ ಗುಟ್ಟು ಹೇಳುವ ಸಂಧಿಯನ್ನು ತೆಗೆಯಿರಿ. ಒಂದು ಷಟ್ಪದಿ ಆರಿಸಿಕೊಳ್ಳಿ, ಒಂದೆರಡು ಬಾರಿ ಗಟ್ಟಿಯಾಗಿ ಓದಿ ನಾಲಿಗೆಗೆ ಹೊಂದಿಸಿಕೊಳ್ಳಿ. ರಾಗ ಬಾರದವರು ಮಾತಿನಂತೆ ಓದಿದರೂ ಸರಿ. ಬಹಳ ದಿನದಿಂದ ಮಾತಾಡದ ಗೆಳೆಯರೊಬ್ಬರನ್ನು ನೆನೆದು ಅವರೊಬ್ಬರಿಗೇ ಕಳಿಸಿ, ಕೆಳಗೆ ಕವಿಯ ಹೆಸರು, ಪರ್ವದ ಹೆಸರು, ನಿಮ್ಮದೇ ಎರಡು ಸಾಲು ಬರೆಯಿರಿ.